ನೆಲದೊಳಗಿನ ತುಕ್ಕು

ದೆಹಲಿಯ ಮೆಹ್ರೌಲಿಯಲ್ಲಿರುವ ಕಬ್ಬಿಣದ ಕಂಬವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಸುಮಾರು 1600 ವರ್ಷಗಳಿಂದ ಮಳೆಬಿಸಿಲಿಗೆ ಮೈಯೊಡ್ಡಿದ್ದರೂ ಅದು ಸವೆದಿಲ್ಲವೆಂದು ಎಲ್ಲರೂ ಬೆರಗಾಗುತ್ತಾರೆ. ಆದರೆ ಬುಡವನ್ನು ಅಗೆದು ನೋಡಿದವರಿಗೆ ಬೇರೊಂದು ಸಂಗತಿ ಕಂಡಿತು: ಮಣ್ಣಿನಲ್ಲಿ ಹೂತ ಭಾಗಕ್ಕೆ ತುಕ್ಕು ತಗುಲಿ ಗುಳಿಗಳು ಬಿದ್ದಿದ್ದವು. ಗಾಳಿಯನ್ನು ಗೆದ್ದ ಕಬ್ಬಿಣವೂ ಮಣ್ಣಿಗೆ ಮಣಿದಿತ್ತು.

ಈ ಮಾತು ಈಗ ನಮಗೇಕೆ ಎನ್ನುವಿರಾ? ತುಮಕೂರು ಜಿಲ್ಲೆಯ ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನವು ಸುಮಾರು 13,000 ಎಕರೆಗಳಲ್ಲಿ ಹಬ್ಬಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿನ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇಂದಿಗೂ ನಾಲ್ಕಾರು ಎಕರೆ ಪಿತ್ರಾರ್ಜಿತ ಹೊಲವುಂಟು. ನಾಳೆ ಅಂಥದೇ ಗುತ್ತಿಗೆಯ ಪತ್ರ ನಮ್ಮ ಕೈಗೂ ಬಂದೀತು.

ಸೌರಫಲಕಗಳ ಬಾಳಿಕೆ ಸುಮಾರು 25 ವರ್ಷವೆಂದು ಲೆಕ್ಕ. ಫಲಕ ಗಟ್ಟಿಯಾಗಿದ್ದರೂ ಅದನ್ನು ಹೊತ್ತ ಉಕ್ಕಿನ ಕಾಲು ಬುಡದಲ್ಲಿ ಸವೆದರೆ ಬಿರುಗಾಳಿಗೆ ಮಗುಚೀತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಮಣ್ಣಿನ ತೇವದಲ್ಲಿ ಉಪ್ಪು ಬೆರೆತರೆ ಅದರ ಮೂಲಕ ವಿದ್ಯುತ್ತು ಸುಲಭವಾಗಿ ಹರಿದು ಕಬ್ಬಿಣ ಬೇಗ ಸವೆಯುತ್ತದೆ. ಆದುದರಿಂದ ನೀರು ಬಸಿದುಹೋಗುವ ಕೆಂಪು ಮರಳುಮಣ್ಣಿಗಿಂತ ತೇವ ಹಿಡಿದಿಡುವ ಎರೆಮಣ್ಣು, ಅದಕ್ಕಿಂತಲೂ ಚೌಳು ನೆಲ, ಉಕ್ಕಿಗೆ ಹೆಚ್ಚಿನ ವೈರಿ. ಒಮ್ಮೆ ನೆನೆದು ಒಮ್ಮೆ ಒಣಗುವ ನೆಲಮಟ್ಟದ ಆಸುಪಾಸಿನಲ್ಲಂತೂ ಹೆಚ್ಚಿನ ಎಚ್ಚರ ಬೇಕು.

ಉಕ್ಕನ್ನು ಕಾಯಲು ಅದನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದರೆ ಆ ಲೇಪದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಕಲ್ಲುನೆಲಕ್ಕೆ ಕಾಲನ್ನು ಹೊಡೆದಿಳಿಸುವಾಗ ಅದು ಕೆರೆದುಹೋಗಬಹುದು. ಅರ್ಥಿಂಗಿಗಾಗಿ ಹೂತ ತಾಮ್ರವನ್ನು ಈ ಕಾಲುಗಳಿಗೆ ಜೋಡಿಸಿದರೆ ಸತು ಇನ್ನೂ ಬೇಗ ಸವೆಯುತ್ತದೆ.

ಮಣ್ಣಿನ ಗುಣವನ್ನು ಮೊದಲೇ ತಿಳಿಯುವ ಉಪಾಯ ಹೊಸದೇನಲ್ಲ. ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ಅದನ್ನು ತೋರಿಸಿಕೊಟ್ಟನು. ನಾಲ್ಕು ಲೋಹದ ಗೂಟಗಳನ್ನು ಸಮದೂರದಲ್ಲಿ ಒಂದೇ ಸಾಲಾಗಿ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜನ್ನು ಅಳೆಯುವುದು. ಹೀಗೆ ತಿಳಿದ ಮಣ್ಣಿನ ವಿದ್ಯುತ್ ನಿರೋಧ 10 ಓಮ್-ಮೀಟರಿಗಿಂತ ಕಡಿಮೆಯಾದರೆ ಉಕ್ಕಿಗೆ ಅಪಾಯ ಹೆಚ್ಚು. 100ನ್ನು ಮೀರಿದರೆ ಸಾಮಾನ್ಯವಾಗಿ ಕಡಿಮೆ. ಇದರೊಡನೆ ಮಣ್ಣಿನ ಆಮ್ಲ, ಕ್ಷಾರ, ಲವಣಗಳ ಪರೀಕ್ಷೆಯೂ ನಡೆಯಬೇಕು.

ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಬಾಡಿಗೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಇನ್ನೂ ಮೂರು ಮಾತು ಕೇಳಿರಿ: ನಮ್ಮ ಮಣ್ಣನ್ನು ಪರೀಕ್ಷಿಸಿದ್ದೀರಾ? ಹೂತ ಕಾಲುಗಳನ್ನು ಆಗಾಗ ಅಗೆದು ನೋಡುವಿರಾ? ಅವಧಿ ಮುಗಿದ ಮೇಲೆ ಉಕ್ಕು, ಕಾಂಕ್ರೀಟುಗಳನ್ನು ಬುಡಸಹಿತ ಕಿತ್ತುಕೊಂಡು ಹೋಗುವಿರಾ? ಉತ್ತರಗಳು ಪತ್ರದಲ್ಲಿಯೇ ಬರೆದಿರಲಿ. ತುಕ್ಕು ತಿಂದ ಕಾಲು ಮುರಿದರೆ ಅದರ ಮೋಟು ನೆಲದಲ್ಲಿಯೇ ಉಳಿದು, ಮುಂದೆ ಮೊಮ್ಮಕ್ಕಳು ಹೂಡುವ ನೇಗಿಲಿಗೆ ಅಡ್ಡವಾದೀತು. ಹಿರಿಯರು ಕೊಟ್ಟ ಹೊಲ ಉಳುವ ಹೊಲವಾಗಿಯೇ ಅವರ ಕೈ ಸೇರಲಿ.