ಊರವರ ಬಯಲು, ದೊರೆಗಳ ಆಟ

ಗಾಲ್ಫ್ ಎಂದೊಡನೆ ನಮ್ಮಂಥ ಗುಮಾಸ್ತರ ಕಣ್ಣಿಗೆ ಕಟ್ಟುವುದು ಎತ್ತರದ ಬೇಲಿ, ಪಹರೆಯವನು ನಿಂತ ಗೇಟು, ಅದರಾಚೆ ನಮಗೆ ಸಂಬಂಧವಿಲ್ಲದ ಹಸುರು. ನಮ್ಮ ಬೆಂಗಳೂರಿನಲ್ಲಿಯೇ ೧೮೭೬ರಿಂದ ಗಾಲ್ಫ್ ಕ್ಲಬ್ಬೊಂದಿದೆ. ಅದರ ಹೊರಗಿನಿಂದ ಹಾದುಹೋದವರೇ ನಮ್ಮಲ್ಲಿ ಹೆಚ್ಚು. ಆದರೆ ಈ ಆಟದ ತವರುಮನೆಯೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ 'ಓಲ್ಡ್ ಕೋರ್ಸ್' ಊರ ಸಾರ್ವಜನಿಕರ ಸೊತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಬನ್ನಿ, ಕಾಗದದ ಮೇಲೆಯೇ ಅಲ್ಲಿ ಒಂದು ಸುತ್ತು ಆಡಿ ಬರೋಣ.

ಸಮುದ್ರಕ್ಕೂ ಹೊಲಗಳಿಗೂ ನಡುವಣ ಮರಳುನೆಲಕ್ಕೆ ಅಲ್ಲಿ 'ಲಿಂಕ್ಸ್' ಎಂದು ಹೆಸರು. ಬೇಸಾಯಕ್ಕೆ ಒದಗದ ಈ ನೆಲದಲ್ಲಿ ಕುರಿಗಳು ಮೇಯುತ್ತಿದ್ದವು, ಜನ ಚೆಂಡು ಹೊಡೆಯುತ್ತಿದ್ದರು. ಪ್ರಜೆಗಳು ಬಿಲ್ವಿದ್ಯೆಯನ್ನು ಮರೆತಾರೆಂದು ೧೪೫೭ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನೇ ನಿಷೇಧಿಸಿತು. ಹುಚ್ಚು ಬಿಡಲಿಲ್ಲ. ೧೫೫೨ರ ಸನ್ನದೊಂದರಲ್ಲಿ, ಇಲ್ಲಿ ಆಡುವ ಹಕ್ಕು ಊರವರದೆಂದು ದಾಖಲಾಯಿತು.

ಆಟ ಕೇಳಲು ಸುಲಭ: ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಬೇಕು. ಹಿಂದೆ ಹನ್ನೊಂದು ಕುಳಿಗಳಷ್ಟು ದೂರ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದರು, ಒಟ್ಟು ೨೨. ೧೭೬೪ರಲ್ಲಿ ಮೊದಲ ನಾಲ್ಕನ್ನು ಎರಡಾಗಿ ಮಾಡಿದರು. ಹೋಗುವಾಗ ೯, ಬರುವಾಗ ೯; ಆ ೧೮ ಕ್ರಮೇಣ ಜಗತ್ತಿಗೇ ಮಾದರಿಯಾಯಿತು. ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸನ್ನು ಗ್ರೀನ್ ಎನ್ನುತ್ತಾರೆ. ಇಲ್ಲಿ ಏಳು ಗ್ರೀನುಗಳು ಎರಡೆರಡು ಕುಳಿಗಳಿಗೆ ಸಮಾನ. ಅವುಗಳ ಸಂಖ್ಯೆ ಕೂಡಿದರೆ ಸದಾ ೧೮: ಎರಡು-ಹದಿನಾರು, ಮೂರು-ಹದಿನೈದು, ಹೀಗೆ. ಲೆಕ್ಕದ ಮೇಷ್ಟರು ತಲೆದೂಗಬೇಕು!

ಇಡೀ ಸುತ್ತಿಗೆ ನಿಗದಿಯಾದದ್ದು ೭೨ ಹೊಡೆತ. ದಾರಿಯುದ್ದಕ್ಕೂ ನೂರಕ್ಕೂ ಮಿಕ್ಕ ಮರಳುಗುಳಿಗಳು. ಹದಿನಾಲ್ಕನೆಯದರಲ್ಲಿರುವ ದೊಡ್ಡದಕ್ಕೆ 'ನರಕ'ವೆಂದೇ ಹೆಸರು. ಹದಿನೇಳರಲ್ಲಿ ಗ್ರೀನಿನ ಹಿಂದೆಯೇ ರಸ್ತೆ. ಚೆಂಡು ಅಲ್ಲಿ ಬಿದ್ದರೆ ರಸ್ತೆಯ ಮೇಲಿಂದಲೇ ಹೊಡೆಯತಕ್ಕದ್ದು. ಕೊನೆಯದಕ್ಕೆ ಸ್ವಿಲ್ಕನ್ ಎಂಬ ಹಳೆಯ ಕಲ್ಲುಸೇತುವೆ ದಾಟಿ ಊರೊಳಕ್ಕೇ ಬರುತ್ತೇವೆ. ಅಲ್ಲಿ ಆಟದ ನಡುವೆ ಹಾದುಹೋಗುವ ಊರದಾರಿಯೊಂದುಂಟು. ದಾರಿಹೋಕರು ದಾಟುವ ತನಕ ಆಟಗಾರ ದಾಂಡು ಹಿಡಿದು ಕಾಯುತ್ತಾನೆ.

ಈ ಹಕ್ಕು ಸುಮ್ಮನೆ ಉಳಿದದ್ದಲ್ಲ. ಸಾಲದಲ್ಲಿ ಮುಳುಗಿದ ಊರಿನ ಆಡಳಿತ ೧೭೯೭ರಲ್ಲಿ ಬಯಲನ್ನು ಮಾರಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿ, ಬಯಲೆಲ್ಲ ಬಿಲಮಯವಾಯಿತು. ಆಟಗಾರರು ಕೋರ್ಟು ಹತ್ತಿದರು. ೧೮೨೧ರಲ್ಲಿ ಜೇಮ್ಸ್ ಚೀಪ್ ಎಂಬ ಗಾಲ್ಫ್‌ಪ್ರಿಯ ಜಮೀನ್ದಾರ ಅದನ್ನು ಕೊಂಡ ಮೇಲೆ ಮೊಲಗಳ ಕಾಟ ತಪ್ಪಿತು. ೧೮೯೪ರಲ್ಲಿ ಕಾಯಿದೆಯ ಮೂಲಕ ಬಯಲು ಪುನಃ ಪುರಸಭೆಗೆ ಬಂತು. ೧೯೭೪ರ ಕಾಯಿದೆ ಅದರ ಪಾಲನೆಯನ್ನು ಒಂದು ಟ್ರಸ್ಟಿಗೆ ವಹಿಸಿತು. ಪಕ್ಕದಲ್ಲೇ ಇರುವ, ೧೭೫೪ರಲ್ಲಿ ಹುಟ್ಟಿದ ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬು ಬಯಲಿನ ಒಡೆಯನಲ್ಲ. ಆ ಕ್ಲಬ್ಬು ಸ್ತ್ರೀಯರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದ್ದು ೨೦೧೪ರಲ್ಲಿ! ಏಳೇ ವರ್ಷಗಳ ತರುವಾಯ ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ ದಾಂಡಿನ ಚೀಲ ಹೊತ್ತವರು ಆಕೆಯ ತಾಯಿ.

ಪರಸ್ಥಳದವರು ಓಲ್ಡ್ ಕೋರ್ಸಿನಲ್ಲಿ ಆಡಲು ಚೀಟಿ ಎತ್ತುವ ಪದ್ಧತಿಯುಂಟು. ಬೇಸಗೆಯ ಶುಲ್ಕ ೩೦೦ ಪೌಂಡಿಗೂ ಮಿಗಿಲು. ಅದು ನಮ್ಮ ಸಂಬಳಕ್ಕೆ ನಿಲುಕದು. ಆದರೆ ದೊಡ್ಡ ಪಂದ್ಯಗಳ ಹೊರತು ಭಾನುವಾರ ಆಟವಿಲ್ಲ. ಅಂದು ಮಕ್ಕಳು, ಮುದುಕರು, ನಾಯಿ ಹಿಡಿದವರು ಆ ಹುಲ್ಲಿನ ಮೇಲೆ ಕಾಸಿಲ್ಲದೆ ಅಡ್ಡಾಡುತ್ತಾರೆ.

ಮುಂಬಯಿಯಲ್ಲಿ ಚರ್ಚ್‌ಗೇಟಿಗೆ ಹೋಗುವಾಗ ಓವಲ್ ಮೈದಾನವನ್ನು ಸೀಳಿ ಹೋಗುವ ಕಾಲುದಾರಿ ನಮ್ಮಲ್ಲಿ ಅನೇಕರಿಗೆ ಪರಿಚಿತ. ಇಕ್ಕೆಲಗಳಲ್ಲೂ ಹುಡುಗರ ಕ್ರಿಕೆಟ್, ನಡುವೆ ನಾವು. ಬಾಡಿಗೆಮನೆಯ ಎರಡು ಕೋಣೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇಂಥ ಬಯಲೇ ಅಂಗಳ. ಅದನ್ನು ಯಾರಾದರೂ ಕೇಳಲು ಬಂದ ದಿನ, ಮೊಲಗಳ ಮೇಲೆ ದಾವೆ ಹೂಡಿದ ಆ ಊರವರು ನಮ್ಮ ನೆನಪಿಗೆ ಬರಲಿ.