ಮುಲುಂಡ್‌ನ ಹೂವಿನಂಗಡಿ: ಮಕ್ಕಳಿಗೆ ಉಳಿಯೋದು ಏನು?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕವನ್ನೂ ಇಲ್ಲೇ ಸೇರಿಸಿದ್ದೀನಿ.

ಪ್ರಶ್ನೆ ಸರಳ. ಚಿನ್ನದಂಗಡಿ ಮಾಲೀಕರು ತೀರಿಕೊಂಡ್ರೆ ಮಕ್ಕಳಿಗೆ ಚಿನ್ನ ಉಳಿಯುತ್ತೆ. ಬಟ್ಟೆ ಅಂಗಡಿ ಆದ್ರೆ ಕಪಾಟಿನಲ್ಲಿ ಬಟ್ಟೆ ಇರುತ್ತೆ. ಹೂವಿನಂಗಡಿಯಲ್ಲಿ? ಬೆಳಿಗ್ಗೆ ತಂದ ಮಾಲು ಮಾರನೇ ದಿನಕ್ಕೆ ಕಸ. ಆದ್ರೂ ಎರಡು ಮೂರು ತಲೆಮಾರಿನಿಂದ ಹೂವನ್ನೇ ನಂಬಿದ ಮನೆಗಳು ಮುಂಬೈ ತುಂಬಾ ಇವೆ. ಹಾಗಾದ್ರೆ ಅಪ್ಪನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿ ಬರೋ ಆಸ್ತಿ ಯಾವುದು? ಒಬ್ಬರ ಕಥೆ ಹೇಳೋದಿಲ್ಲ, ಈ ಕಸುಬಿನ ಮನೆಗಳ ರಚನೆಯನ್ನೇ ಬಿಚ್ಚಿ ನೋಡೋಣ.

ಜಾಗ ಯಾಕೆ ಮುಖ್ಯ

ಮುಲುಂಡ್ ಮುಂಬೈನ ಈಶಾನ್ಯ ಅಂಚು. ಅದು ದಾಟಿದ್ರೆ ಠಾಣೆ. ಇದು ತಾನಾಗಿ ಬೆಳೆದ ಊರಲ್ಲ. 1922ರಲ್ಲಿ ಕ್ರೌನ್ ಅಂಡ್ ಕಾರ್ಟರ್ ಅನ್ನೋ ವಾಸ್ತುಶಿಲ್ಪಿಗಳು ಹಾಕಿದ ನಕ್ಷೆ ಹಿಡಿದು ಬೆಳೆದದ್ದು. ಸ್ಟೇಷನ್ನಿಂದ ಹೊರಟ ರಸ್ತೆಗಳು, ಐದು ರಸ್ತೆ ಸೇರೋ ಪಾಂಚ್ ರಸ್ತಾ, ಸುತ್ತ ಗುಜರಾತಿ, ಮರಾಠಿ, ದಕ್ಷಿಣ ಭಾರತದ ಮನೆಗಳು, ಅವರವರ ದೇವಸ್ಥಾನಗಳು. ಹೂವಿನವರಿಗೆ ಬೇಕಾದ್ದು ಇದೇ: ದಿನಾ ಪೂಜೆ ಮಾಡೋ ಮನೆ, ದಿನಾ ಜನ ಓಡಾಡೋ ಮೂಲೆ.

ಮಾಲು ಬರೋದು ಹೆಚ್ಚಾಗಿ ಎರಡು ಕಡೆಯಿಂದ. ಒಂದು ಕಲ್ಯಾಣದ ಮಾರ್ಕೆಟ್ಟು. ಇನ್ನೊಂದು ದಾದರ್ ಪಶ್ಚಿಮದ ಮೀನಾತಾಯಿ ಠಾಕ್ರೆ ಹೂವಿನ ಮಾರ್ಕೆಟ್ಟು. ನಾಹೂರ್‌ನಿಂದ ಎಣಿಸಿದ್ರೆ ದಾದರ್ ಹತ್ತನೇ ಸ್ಟೇಷನ್ನು. ಕತ್ತಲಿರುವಾಗಲೇ ಹೋಗಿ, ಆಫೀಸಿನವರ ನೂಕುನುಗ್ಗಲು ಶುರುವಾಗೋ ಮುಂಚೆ ಗಂಟು ಹೊತ್ತು ವಾಪಸ್ ಬರಬೇಕು. ಈ ಕಸುಬಿನಲ್ಲಿ ನಿದ್ದೆಯೂ ಬಂಡವಾಳವೇ.

ಮೊದಲ ಆಸ್ತಿ: ಕೈ

ಮುಲುಂಡ್‌ನಲ್ಲಿ ಹೂ ಮಾರೋರೆಲ್ಲ ಕನ್ನಡಿಗರಲ್ಲ. ಆದ್ರೆ ಈ ಕಸುಬಿನ ಕನ್ನಡದ ಎಳೆ ಹಿಡಿದು ಹೊರಟ್ರೆ ಎರಡು ಊರುಗಡೆಗೆ ಹೋಗ್ತೀವಿ.

ಒಂದು, ಕಲಬುರಗಿ, ವಿಜಯಪುರ, ಸೊಲ್ಲಾಪುರದ ಸೀಮೆ. ಅಲ್ಲಿ ಹೂಗಾರ, ಫುಲಾರಿ ಅನ್ನೋ ಅಡ್ಡಹೆಸರುಗಳೇ ಕಸುಬು ಹೇಳುತ್ತವೆ. ಬಸವಣ್ಣನವರ ಕಾಲದ ಶರಣ ಹೂಗಾರ ಮಾದಯ್ಯನನ್ನ ಈ ಸಮುದಾಯ ತನ್ನ ಹಿರಿಯ ಅಂತ ನೆನೆಯುತ್ತೆ. ಗುಡಿಗೂ ಊರ ಮನೆಗಳಿಗೂ ಹೂ, ಪತ್ರಿ ಮುಟ್ಟಿಸೋದು, ಸುಗ್ಗಿಯಲ್ಲಿ ಆಯ ಅಂತ ಕಾಳು ಪಡೆಯೋದು, ಇದು ಹಳೇ ಪದ್ಧತಿ.

ಇನ್ನೊಂದು, ಉಡುಪಿ ಹತ್ತಿರದ ಶಂಕರಪುರ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಮುಂಬೈಗೂ ಬರುತ್ತೆ. ಅಲ್ಲಿ ಲೆಕ್ಕ ಕೆ.ಜಿ.ಯಲ್ಲಿ ಇಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆಯಲ್ಲಿ 3,200 ಹೂ, ಒಂದೊಂದನ್ನೂ ಬಾಳೆನಾರಿನಲ್ಲಿ ಕಟ್ಟಬೇಕು. ನಸುಕಿನಲ್ಲಿ ಕೊಯ್ಯೋದು ಮೊಗ್ಗು, ಅದು ಬಿರಿಯೋದು ಸಂಜೆ. ಈ ನಡುವಿನ ಕೆಲವು ಗಂಟೆಯಲ್ಲೇ ಕಟ್ಟು, ಸಾಗಣೆ, ಮಾರಾಟ ಎಲ್ಲಾ ಮುಗೀಬೇಕು.

ಮುಂಬೈಯಲ್ಲಿ ಇನ್ನೊಂದು ವಿದ್ಯೆ ಕಲೀಬೇಕು. ನಮ್ಮ ಕಡೆ ಹೂ ಕಟ್ಟೋದು ಗಂಟಿನಿಂದ, ಮಾರೋದು ಮೊಳ, ಮಾರಿನಲ್ಲಿ. ಇಲ್ಲಿನ ಹಾರ ಹೆಚ್ಚಾಗಿ ಸೂಜಿ-ದಾರದಲ್ಲಿ ಪೋಣಿಸಿದ್ದು. ಒಂದೇ ಅಂಗಡಿಯಲ್ಲಿ ಚೆಂಡುಹೂವಿನ ಹಾರಾನೂ ಬೇಕು, ಮುಡಿಗೆ ಬಿಗಿಯಾಗಿ ಕಟ್ಟಿದ ಮಲ್ಲಿಗೇನೂ ಬೇಕು. ಈ ಎರಡೂ ಕೈ ಪುಸ್ತಕದಿಂದ ಬರಲ್ಲ, ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಬರುತ್ತೆ.

ಎರಡನೇ ಆಸ್ತಿ: ಖಾತೆ

ಮೈಸೂರು ಕಡೆ ಇದಕ್ಕೆ ವರ್ತನೆ ಹೂವು ಅಂತಾರೆ: ದಿನಾ ತಪ್ಪದೆ ಮನೆಗೆ ಬರೋ ಹೂವು, ತಿಂಗಳಿಗೊಮ್ಮೆ ದುಡ್ಡು. ಮುಂಬೈಯಲ್ಲಿ ಇದರ ಹೆಸರು ಫೂಲ್‌ಪುಡಿ. ಮರಾಠಿಯಲ್ಲಿ ಪುಡಿ ಅಂದ್ರೆ ಪೊಟ್ಟಣ. ಎಲೆಯಲ್ಲಿ ಸುತ್ತಿದ ಹೂ, ತುಳಸಿ, ಗರಿಕೆ ಬೆಳಿಗ್ಗೆ ಬಾಗಿಲ ಚಿಲಕಕ್ಕೆ ನೇತಾಡ್ತಿರುತ್ತೆ. ಸೋಮವಾರ ಯಾರಿಗೆ ಬಿಲ್ವ, ಮಂಗಳವಾರ ಯಾರಿಗೆ ಕೆಂಪು ದಾಸವಾಳ, ಚತುರ್ಥಿಗೆ ಯಾರು 21 ಗರಿಕೆ ಕೇಳ್ತಾರೆ, ಇದೆಲ್ಲ ಮಾಲೀಕರ ತಲೆಯಲ್ಲಿರುತ್ತೆ.

ಈ ನೆನಪಿಗೆ ಬೆಲೆ ಎಷ್ಟು? ಇಲ್ಲಿ ಎಂಜಿನಿಯರಿಂಗ್ ಲೆಕ್ಕ ಒಂದು ಸಹಾಯಕ್ಕೆ ಬರುತ್ತೆ. ಇದನ್ನ ಪೇಪರ್ ಮಾರುವವನ ಲೆಕ್ಕ ಅಂತಾರೆ, ಯಾಕಂದ್ರೆ ಇವತ್ತಿನ ಪೇಪರ್ ನಾಳೆ ರದ್ದಿ. ಇಂಥದ್ದೇ ಯೋಚನೆಯನ್ನ 1888ರಲ್ಲೇ ಎಜ್‌ವರ್ತ್ ಅನ್ನೋ ಅರ್ಥಶಾಸ್ತ್ರಜ್ಞ ಬ್ಯಾಂಕಿನ ನಗದಿಗೆ ಬಳಸಿದ್ದ.

ಉದಾಹರಣೆಗೆ ಒಂದು ಗಜರೆಯ ಅಸಲು 20 ರೂಪಾಯಿ, ಮಾರೋದು 50ಕ್ಕೆ ಅಂತಿಟ್ಟುಕೊಳ್ಳಿ. ಮಾರಿದ್ರೆ ಲಾಭ 30, ಉಳಿದ್ರೆ ನಷ್ಟ 20. ಸೂತ್ರ: 30 ÷ (30 + 20) = 0.6. ಅರ್ಥ ಏನು? ಹತ್ತು ದಿನದಲ್ಲಿ ಆರು ದಿನ ಎಲ್ಲರಿಗೂ ಸಾಲೋಷ್ಟು ತಂದ್ರೆ ಸಾಕು. ನಾಲ್ಕು ದಿನ ಹೂ ಬೇಗ ಖಾಲಿಯಾದ್ರೆ ಅದು ತಪ್ಪಲ್ಲ, ಸರಿಯಾದ ಲೆಕ್ಕ. ಹಬ್ಬದ ಹಿಂದಿನ ದಿನ ಅಸಲು 40 ಆಗಿ, 60ಕ್ಕಿಂತ ಜಾಸ್ತಿ ಗಿರಾಕಿ ಕೊಡಲ್ಲ ಅಂದ್ರೆ 20 ÷ 60, ಸುಮಾರು 0.33. ಬೇಡಿಕೆ ಏರುತ್ತೆ, ನಿಜ. ಆದ್ರೆ ಅದರ ಅಂದಾಜು ತಪ್ಪಿದ್ರೆ ಬೀಳೋ ಪೆಟ್ಟೂ ದೊಡ್ಡದು, ಕೈ ಬಿಗಿಹಿಡಿದೇ ತರಬೇಕು.

ಆದ್ರೆ ಸೂತ್ರಕ್ಕೆ ಒಂದು ಮಾಹಿತಿ ಬೇಕೇ ಬೇಕು: ಯಾವ ದಿನ ಎಷ್ಟು ಹೋಗುತ್ತೆ. ಶ್ರಾವಣ ಸೋಮವಾರ, ಸಂಕಷ್ಟಿ, ಮಳೆ ಸುರಿಯೋ ಶುಕ್ರವಾರ, ಪಿತೃಪಕ್ಷ ಎಲ್ಲವೂ ಬೇರೆಬೇರೆ. ಆ ಅಂದಾಜು ಮೂವತ್ತು ವರ್ಷ ಕೂತವರ ತಲೆಯಲ್ಲಿದೆ. ಪುಡಿ ಖಾತೆಯ ಮನೆಗಳಂತೂ ಖಚಿತ ಬೇಡಿಕೆ, ಅಲ್ಲಿ ಊಹೆಯೇ ಬೇಡ. ಹಾಗಾಗಿ ಒಂದು ಮನೆ ಖಾತೆ ಬಿಟ್ಟರೆ ಹೋಗೋದು ಒಂದು ಪುಡಿಯ ದುಡ್ಡು ಮಾತ್ರ ಅಲ್ಲ, ನಾಳೆಯ ಖರೀದಿಯ ಖಾತರಿಯೂ ಹೋಗುತ್ತೆ.

ಮೂರನೇ ಆಸ್ತಿ: ಕೂತ ಜಾಗ

ಇಲ್ಲೇ ಮನೆಗಳು ಎಡವೋದು. ನಲವತ್ತು ವರ್ಷ ಕೂತ ಮೂಲೆ ನಮ್ಮದು ಅಂತ ಮನಸ್ಸು ಹೇಳುತ್ತೆ. ಕಾನೂನು ಏನು ಹೇಳುತ್ತೆ?

ಫುಟ್‌ಪಾತ್ ಮೇಲಿನ ಅಂಗಡಿಗೆ 2014ರ ಬೀದಿ ವ್ಯಾಪಾರಿಗಳ ಕಾನೂನು ಇದೆ. ವ್ಯಾಪಾರದ ಪ್ರಮಾಣಪತ್ರವನ್ನ ಮಾರೋ ಹಾಗಿಲ್ಲ, ಬೇರೆಯವರ ಹೆಸರಿಗೆ ವರ್ಗಾಯಿಸೋ ಹಾಗಿಲ್ಲ. ಆದ್ರೆ ವ್ಯಾಪಾರಿ ತೀರಿಕೊಂಡ್ರೆ, ಕಾಯಿಲೆ ಬಿದ್ದರೆ ಅಥವಾ ಶಾಶ್ವತವಾಗಿ ಅಂಗವಿಕಲರಾದ್ರೆ ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಅವಲಂಬಿತ ಮಗ ಅಥವಾ ಮಗಳು ಅದೇ ಜಾಗದಲ್ಲಿ ವ್ಯಾಪಾರ ಮಾಡಬಹುದು, ಪತ್ರದ ಅವಧಿ ಮುಗಿಯೋ ತನಕ. ಇದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ಬೀದಿ ವ್ಯಾಪಾರ ನಡೆದು ಬಂದ ಸಹಜ ಮಾರುಕಟ್ಟೆಯನ್ನ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನ ಎಬ್ಬಿಸಬಾರದು. ಅಂದ್ರೆ ಕಾನೂನಿನ ಕಣ್ಣಲ್ಲಿ ಪರಂಪರೆ ಒಂದು ಮನೆಯದ್ದಲ್ಲ, ಇಡೀ ಸಾಲಿನದ್ದು.

ಪಗಡಿ ಅಥವಾ ಹಳೇ ಬಾಡಿಗೆಯ ಗಾಳೆ ಆದ್ರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ನೋಡಬೇಕು. ಅಲ್ಲಿ ಮೊದಲ ಹಕ್ಕು, ಬಾಡಿಗೆದಾರರು ತೀರಿಕೊಂಡಾಗ ಅವರ ಜೊತೆ ಆ ಅಂಗಡಿಯಲ್ಲಿ ವ್ಯಾಪಾರ ಮಾಡ್ತಿದ್ದ ಕುಟುಂಬದವರಿಗೆ. ಅಂಥವರು ಯಾರೂ ಇಲ್ಲದಿದ್ರೆ ವಾರಸುದಾರರು ಒಪ್ಪಿಕೊಂಡವರು, ಒಪ್ಪದಿದ್ರೆ ಕೋರ್ಟು ಹೇಳಿದವರು.

ಈಗ ಮೂರೂ ಆಸ್ತಿ ಜೋಡಿಸಿ ನೋಡಿ. ಕೈ ಬರೋದು ಪಕ್ಕದಲ್ಲಿ ಕೂತವರಿಗೆ. ಖಾತೆ ಗೊತ್ತಿರೋದು ಪುಡಿ ಹಂಚಿದವರಿಗೆ. ಜಾಗಕ್ಕೂ ಕಾನೂನು ಕೇಳೋದು ಹೆಚ್ಚುಕಡಿಮೆ ಅದನ್ನೇ: ಅಂಗಡಿಯಲ್ಲಿ ಯಾರಿದ್ರು, ಇದನ್ನೇ ನಂಬಿ ಯಾರು ಬದುಕಿದ್ರು? ಎಷ್ಟೋ ಮನೆಗಳಲ್ಲಿ ಹೂ ಕಟ್ಟಿದ್ದು ಹೆಂಗಸರು, ಬೋರ್ಡಿನ ಮೇಲಿನ ಹೆಸರು ಗಂಡಸಿನದು. ಮುಲುಂಡ್‌ನ ಹಳೇ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗ್ತಿರೋ ಈ ಹೊತ್ತಲ್ಲಿ, ಹೊಸ ಕಟ್ಟಡದಲ್ಲಿ ಗಾಳೆ ಯಾರಿಗೆ ಅನ್ನೋ ಪ್ರಶ್ನೆ ಬಂದಾಗ ಕಾಗದದಲ್ಲಿ ಹೆಸರಿಲ್ಲದ ಅಮ್ಮ, ಸೊಸೆ ಅಥವಾ ಮಗಳು ತಾವು ಅಲ್ಲಿದ್ದೆವು ಅಂತ ಸಾಬೀತು ಮಾಡ್ಬೇಕಾಗುತ್ತೆ.

ಅದಕ್ಕೆ ನೋಡುಗರಲ್ಲಿ ಇಂಥ ಅಂಗಡಿಯ ಮನೆಯವರಿದ್ರೆ ಮೂರು ಕೆಲಸ ಮಾಡಿ. ಒಂದು, ಪುಡಿ ಖಾತೆಯನ್ನ ತಲೆಯಿಂದ ನೋಟ್‌ಬುಕ್ಕಿಗೆ ಇಳಿಸಿ: ಮನೆ, ವಾರ, ಹೂವು, ಬಾಕಿ. ಎರಡು, ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತೆ ನೋಡಿ, ಅದಕ್ಕೆ ನಾಮಿನಿ ಹಾಕಿಸಿ. ಮೂರು, ಪ್ರಮಾಣಪತ್ರ, ಬಾಡಿಗೆ ರಸೀದಿ, ಪಾಲಿಕೆಯ ದಂಡದ ಚೀಟಿ, 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲದ ಕಾಗದ, ಎಲ್ಲಾ ಒಂದೇ ಫೈಲಿನಲ್ಲಿಡಿ. ಅಂಗಡಿಯಲ್ಲಿ ನಿಜವಾಗಿ ಕೂರೋರ ಹೆಸರು ಯಾವುದಾದರೂ ಕಾಗದದಲ್ಲಿ ಬಂದಿದೆಯಾ ನೋಡಿ. ಬಂದಿಲ್ಲ ಅಂದ್ರೆ, ಹಿರಿಯರು ಗಟ್ಟಿಯಾಗಿರುವಾಗಲೇ ವಕೀಲರ ಹತ್ತಿರ ಒಮ್ಮೆ ಹೋಗಿ ಬನ್ನಿ.

ಮುಂದಿನ ವಾರ ಸಿಗೋಣ.