ಅಜ್ಜಿಯ ಚಾಕು, ನನ್ನ ಇಂಜಿನಿಯರಿಂಗು

‘ಇಂಜಿನಿಯರಿಂಗ್ ಓದ್ತಿದ್ದೀಯಲ್ಲೋ, ಈ ಚಾಕು ಹಿಡಿ ಒಂದು ಸರಿ ಮಾಡ್ಕೊಡು’ ಎಂದು ಅಜ್ಜಿ ಕೇಳಿದಾಗ ಮೊಬೈಲ್‌ನಿಂದ ತಲೆ ಎತ್ತದೆ ‘ಹ್ಞೂಂ’ ಅಂದಿದ್ದೆ. ನಾನು ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ಮನೆ ಚಾಮರಾಜಪೇಟೆ. ಅಜ್ಜಿ ಬಹಳ ವರ್ಷ ಈಳಿಗೆಮಣೆಯಲ್ಲೇ ತರಕಾರಿ ಹೆಚ್ಚಿದವರು. ಮಂಡಿನೋವು ಶುರುವಾದ ಮೇಲೆ ಅಡುಗೆಕಟ್ಟೆಯ ಮುಂದೆ ನಿಂತು ಈ ದೊಡ್ಡ ಚಾಕು ಹಿಡಿದರು. ಬೇರೆ ಯಾವುದು ತಂದುಕೊಟ್ಟರೂ ಅವರ ಕೈಗೆ ಒಗ್ಗುವುದಿಲ್ಲ.

ಹಿಡಿಯ ಒಂದು ಬದಿಯ ಮರ ಉಗುರು ತೂರುವಷ್ಟು ಎದ್ದಿತ್ತು. ಆ ಸಂದಿಗೆ ಕ್ಷಣದಲ್ಲಿ ಅಂಟುವ ಗೋಂದಿನ ನಾಲ್ಕು ಹನಿ ಬಿಟ್ಟು, ಬಟ್ಟೆ ಕ್ಲಿಪ್ ಹಾಕಿ, ಹತ್ತು ನಿಮಿಷದಲ್ಲಿ ‘ರೆಡಿ’ ಎಂದು ಕೊಟ್ಟೆ. ಮೂರು ವಾರ ಬಾಳಿತು. ಒಂದು ಭಾನುವಾರ ಸಿಹಿಗುಂಬಳ ಸೀಳುವಾಗ ಮರ ಕಿತ್ತು ಬಂದು ಕೈ ಅಲಗಿನ ಮೇಲೆ ಜಾರಿತು. ಹೆಬ್ಬೆರಳ ಬುಡಕ್ಕೆ ಎರಡು ಹೊಲಿಗೆ. ಡಾಕ್ಟರ್ ಹೇಗಾಯಿತು ಎಂದು ಕೇಳಿದರೆ ಅಜ್ಜಿ ‘ವಯಸ್ಸಾಯ್ತಲ್ಲ, ಕೈ ಜಾರ್ತು’ ಅಂದರು. ನನ್ನ ಹೆಸರು ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಪ್ಪ ಆ ಚಾಕು ಎಸೆಯಲು ಹೊರಟರು. ನಾನೇ ತಡೆದೆ. ಆ ವಾರ ಸೈಕಲ್‌ನಲ್ಲಿ ಸಾಣೆಯವರು ನಮ್ಮ ಬೀದಿಗೆ ಬಂದಾಗ ತೋರಿಸಿದೆ. ಅವರು ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಒಳಗೆ ತುಕ್ಕು ಬಿಟ್ಟು ಮೇಲೆ ಗೋಂದು ಹಾಕಿದ್ರೆ ನಿಲ್ಲುತ್ತಾ ಮಗಾ? ಎರಡೂ ಬಿಚ್ಚು’ ಅಂದರು.

ಬಿಚ್ಚಿದಾಗ ಅರ್ಥವಾಯಿತು. ಊರ ಕಡೆಯ ಕುಡುಗೋಲಿಗೆ ಬಾಲದಂಥ ಕಬ್ಬಿಣವನ್ನು ಕಾಯಿಸಿ ಮರದ ಹಿಡಿಯೊಳಗೆ ತೂರಿಸಿರುತ್ತಾರೆ. ಈ ಚಾಕು ಹಾಗಲ್ಲ. ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಅಷ್ಟೇ ಅಗಲಕ್ಕೆ ಬಂದಿರುತ್ತದೆ. ಇದಕ್ಕೆ ಫುಲ್ ಟ್ಯಾಂಗ್ ಅನ್ನುತ್ತಾರೆ. ಅದರ ಎರಡೂ ಬದಿಗೆ ಮರದ ಪಟ್ಟಿ ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ಗಟ್ಟಿಯೇನೋ ಹೌದು, ಆದರೆ ಸಿಂಕ್‌ನಲ್ಲಿ ನೆನೆಸಿಟ್ಟರೆ ಮರ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಕ್ಕು ಅಲ್ಲಾಡುವುದಿಲ್ಲ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಎಲ್ಲ ಆಟ ಅಡ್ಡಕ್ಕೆ. 25 ಮಿ.ಮೀ. ಅಗಲದ ಪಟ್ಟಿ ಶೇ 1ರಷ್ಟು ಉಬ್ಬಿದರೂ ಕಾಲು ಮಿ.ಮೀ. ವ್ಯತ್ಯಾಸ. ದಿನವೂ ಹೀಗಾದರೆ ರಿವೆಟ್ ಸಡಿಲವಾಗಿ ನೀರು ಒಳಗಿಳಿಯುತ್ತದೆ. ಆಮೇಲೆ ಉಕ್ಕಿಗಿಂತ ಹೆಚ್ಚು ಜಾಗ ಬೇಡುವ ತುಕ್ಕು ಒಳಗಿಂದಲೇ ಮರವನ್ನು ಎಬ್ಬಿಸುತ್ತದೆ. ಕ್ಷಣದ ಗೋಂದಿಗೆ ಸಂದಿ ತುಂಬುವ ಶಕ್ತಿಯಿಲ್ಲ, ಏಟು ತಡೆಯುವ ಬಲವೂ ಇಲ್ಲ. ಇದೆಲ್ಲ ನಮ್ಮ ಮೆಟೀರಿಯಲ್ ಸೈನ್ಸ್ ಪಾಠದಲ್ಲಿತ್ತು. ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸೂ ಬಂದಿತ್ತು!

ಶನಿವಾರ ಗೆಳೆಯರು ಪ್ಲೇಸ್‌ಮೆಂಟ್‌ಗೆಂದು ಕೋಡಿಂಗ್ ಟೆಸ್ಟ್ ಬರೆಯುತ್ತಿದ್ದರೆ ನಾನು ಆಲೂರು ವೆಂಕಟರಾವ್ ರಸ್ತೆಯಲ್ಲಿ ಟಿಪ್ಪು ಅರಮನೆ ದಾಟಿ, ಸಿಟಿ ಮಾರ್ಕೆಟ್ ಗದ್ದಲ ಹಾದು ಎಸ್‌.ಜೆ.ಪಿ. ರಸ್ತೆಗೆ ನಡೆದೆ. 4 ಮಿ.ಮೀ. ಹಿತ್ತಾಳೆ ಕಡ್ಡಿ, ಡ್ರಿಲ್ ಬಿಟ್, ಎರಡು ಸಿ ಕ್ಲಾಂಪ್, ರೆಸಿನ್–ಹಾರ್ಡನರ್ ಬೆರೆಸುವ ನಿಧಾನದ ಎಪಾಕ್ಸಿ ತಂದೆ. ಮರಕ್ಕೆ ದುಡ್ಡು ಕೊಡಲಿಲ್ಲ. ನಮ್ಮ ಬೀದಿಯಲ್ಲಿ ಕೆಡವಿದ ಹಳೇ ಮನೆಯ ಕಿಟಕಿ ಚೌಕಟ್ಟಿನ ತೇಗದ ತುಂಡು ಅಟ್ಟದ ಮೇಲಿತ್ತು.

ಮೊದಲು ಅಲಗಿಗೆ ರಟ್ಟು ಸುತ್ತಿ ಟೇಪ್ ಹಾಕಿದೆ. ಇದನ್ನು ಮಾತ್ರ ಮರೆಯಬೇಡಿ. ತುಕ್ಕನ್ನು ಉಪ್ಪುಕಾಗದದಿಂದ ಬಿಳಿ ಉಕ್ಕು ಕಾಣುವವರೆಗೆ ಉಜ್ಜಿ, ಎಣ್ಣೆ ಜಿಡ್ಡು ಹೋಗಲು ಅಸಿಟೋನ್‌ನಲ್ಲಿ ಒರೆಸಿದೆ. ತೇಗದಲ್ಲೂ ಸಹಜವಾದ ಎಣ್ಣೆ ಇರುವುದರಿಂದ ಅದನ್ನೂ ಒರೆಸಬೇಕು. ಒಂದು ಪಟ್ಟಿ ಅಂಟಿಸಿ ಒಣಗಿದ ಮೇಲೆ ಉಕ್ಕಿನ ಹಳೇ ತೂತಿನ ಮೂಲಕವೇ ಮರಕ್ಕೆ ಡ್ರಿಲ್ ಮಾಡಿದರೆ ತೂತು ತಪ್ಪುವುದಿಲ್ಲ. ಆಮೇಲೆ ಎರಡನೆಯದು. ಕ್ಲಾಂಪ್ ಬಿಗಿದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ಸಣ್ಣ ಸಾಲಾಗಿ ಜಿನುಗಿದರೆ ಸಾಕು. 24 ಗಂಟೆ ಮುಟ್ಟಬಾರದು.

ಕೊನೆಗೆ ರಿವೆಟ್. ತೂತಿನ ಬಾಯಿ ತುಸು ಅಗಲಿಸಿ, ಹಿತ್ತಾಳೆ ಕಡ್ಡಿಯನ್ನು ಎರಡೂ ಕಡೆ ಒಂದೂವರೆ ಮಿ.ಮೀ. ಹೊರಗೆ ಬಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಣಬೆಯ ಹಾಗೆ ಅರಳಿಸಬೇಕು. ನಾನು ಮೊದಲ ಏಟೇ ಜೋರಾಗಿ ಕೊಟ್ಟೆ. ಟಪ್! ತೇಗ ಸೀಳಿತು. ಅಂಟಿದ ಪಟ್ಟಿ ಕಿತ್ತು ಮತ್ತೆ ಮೊದಲಿನಿಂದ ಶುರು, ಮತ್ತೆರಡು ದಿನ. ಎರಡನೇ ಸಲ ಒಂದೊಂದು ರಿವೆಟ್‌ಗೆ ನೂರಾರು ಸಣ್ಣ ಏಟು ಹಾಕಿದೆ. ಪಕ್ಕದ ಮನೆ ಆಂಟಿ ಬಂದು ‘ಏನಪ್ಪಾ, ಚಿನ್ನದ ಕೆಲಸ ಶುರು ಮಾಡಿದ್ಯಾ?’ ಎಂದು ಕೇಳಿಹೋದರು. ಅರ ಹಾಕಿ, ಉಪ್ಪುಕಾಗದದಲ್ಲಿ ನುಣುಪು ಮಾಡಿ, ಅಗಸೆ ಎಣ್ಣೆ ತಿಕ್ಕಿ ವಾರ ಬಿಟ್ಟೆ.

ಕೊಟ್ಟಾಗ ಅಜ್ಜಿ ಹೊಗಳಲಿಲ್ಲ. ಮರ ಮತ್ತು ಉಕ್ಕು ಸೇರುವ ಕಡೆ ಉದ್ದಕ್ಕೂ ಉಗುರು ಎಳೆದು ನೋಡಿದರು. ಎಲ್ಲೂ ಸಿಕ್ಕಲಿಲ್ಲ. ಇನ್ನು ಇದನ್ನು ಸಿಂಕ್‌ನಲ್ಲಿ ನೆನೆಹಾಕಬಾರದು, ತೊಳೆದ ಕೂಡಲೇ ಒರೆಸಿಡಬೇಕು ಎಂದು ನಾನು ಹೇಳುತ್ತಲೇ ಇದ್ದೆ. ಅವರು ಚಾಕುವನ್ನು ಕಟ್ಟೆಯ ಮೇಲಿಟ್ಟು ಚೀಲ ಕೈಗೆ ಕೊಟ್ಟರು.

‘ಗಾಂಧಿ ಬಜಾರಿಗೆ ಹೋಗ್ತೀಯೇನೋ? ಬರ್ತಾ ಒಂದು ಸಿಹಿಗುಂಬಳ ತಗೊಂಡ್ಬಾ. ಗಟ್ಟಿದು ನೋಡಿ ತಾ.’